ಜಡವು ಪ್ರೀತಿಸಬಲ್ಲದೆ?

2002ರಲ್ಲಿ ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರ ನಿರ್ವಹಿಸಿದ ಮೂರು ಪಾತ್ರಗಳಲ್ಲೊಂದು ಯಂತ್ರಮಾನವನದು; ಮನುಷ್ಯರೂಪದ ಆ ಯಂತ್ರ ಹೆಣ್ಣೊಬ್ಬಳಿಗೆ ಮನಸೋಲುತ್ತದೆ. ಯಂತ್ರಮಾನವನದೇ ಕಥೆಯಿರುವ ತಮಿಳಿನ ‘ಎಂದಿರನ್’ ಚಿತ್ರಕ್ಕಿಂತ 8 ವರ್ಷ ಮೊದಲೇ ಬಂದ ಈ ಚಿತ್ರವನ್ನು ವಾಡಿ-ಸೇಡಂ ಸೀಮೆಯ ಪ್ರೇಕ್ಷಕನು ಇಂದು ಮೊದಲ ಬಾರಿಗೆ ನೋಡಿದರೆ, ಕಥೆಯ ಸಡಿಲ ಹೆಣಿಗೆಯೂ ವಿಜ್ಞಾನದ ತೆಳುತನವೂ ಕಣ್ಣಿಗೆ ಬಿದ್ದರೂ, ಅದರ ಉತ್ಸಾಹವು ಅವನನ್ನು ನಗಿಸುತ್ತಲೇ ಗಂಭೀರ ಪ್ರಶ್ನೆಯೊಂದರ ಮುಂದೆ ನಿಲ್ಲಿಸುತ್ತದೆ: ಜಡವು ಪ್ರೀತಿಸಬಲ್ಲದೆ?

ಆ ಸೀಮೆಯಲ್ಲೇ ಇದಕ್ಕೆ ಹಳೆಯ ಉತ್ತರವಿದೆ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಭಕ್ತರು ಆರಾಧಿಸುವ ಜಯತೀರ್ಥರು, ಅಂದರೆ ‘ನ್ಯಾಯಸುಧಾ’ ಬರೆದ ಟೀಕಾಚಾರ್ಯರು, ಎತ್ತಿಹಿಡಿದ ಮಧ್ವಮತಕ್ಕೆ ಪಂಚಭೇದ, ಎಂದರೆ ಈಶ್ವರ, ಜೀವ, ಜಡಗಳ ನಡುವಿನ ಐದು ನಿತ್ಯಭೇದಗಳು, ಮೂಲತತ್ತ್ವ. ಅದರಂತೆ ಅರಿವು, ಇಚ್ಛೆಗಳು ಚೇತನಕ್ಕೆ ಮಾತ್ರ ಸೇರಿದವಾದ್ದರಿಂದ ಯಂತ್ರದ ಒಲವು ಬರೀ ಅನುಕರಣೆ. ಆದರೆ ಎದುರಿಗಿರುವ ಮನುಷ್ಯನ ಚೇತನವೂ ನೇರವಾಗಿ ಕಾಣದೆ ನಡೆನುಡಿಯಿಂದ ಊಹಿಸಿದ್ದೇ ಆಗಿರುವಾಗ, ಅದೇ ಅನುಮಾನಪ್ರಮಾಣವನ್ನು, ಅಂದರೆ ಕುರುಹಿನಿಂದ ಅರಿಯುವ ದಾರಿಯನ್ನು, ಯಂತ್ರದ ವಿಷಯದಲ್ಲಿ ನಿರಾಕರಿಸಲು ಬಲವಾದ ಕಾರಣ ಬೇಕು. ಚಿತ್ರವು ಆ ಕಾರಣವನ್ನು ಹುಡುಕದೆ ಹಾಡು, ಹಾಸ್ಯಗಳತ್ತ ಹೊರಳುತ್ತದೆ. ಅದರ ನಿಜವಾದ ದೋಷ ಇದೇ. ಇಂಥ ಪ್ರಶ್ನೆಯನ್ನು ಕನ್ನಡದ ತೆರೆಯ ಮೇಲೆ ಅಷ್ಟು ಬೇಗ ಎತ್ತಿದ ಹಿರಿಮೆ ಮಾತ್ರ ಅದಕ್ಕೆ ಸಲ್ಲಬೇಕು.