ಕಾಡಿನ ಸೇವೆ: ದಾನವೇ, ಋಣವೇ?

ನಾವು ಮಾಡುವ ಒಳ್ಳೆಯ ಕೆಲಸಗಳಲ್ಲಿ ಎರಡು ಬಗೆಗಳಿವೆ. ಮಾಡದಿದ್ದರೂ ಯಾರೂ ಕೇಳುವಂತಿಲ್ಲದ, ಮಾಡಿದರೆ ಮೆಚ್ಚುಗೆಗೆ ಪಾತ್ರವಾಗುವ ಕೆಲಸಗಳು ಮೊದಲನೆಯ ಬಗೆ. ಇವನ್ನು ದಾನವೆನ್ನುತ್ತೇವೆ. ಮಾಡಲೇಬೇಕಾದ, ಮಾಡದಿದ್ದರೆ ತಪ್ಪಿತಸ್ಥರಾಗುವ ಕೆಲಸಗಳು ಎರಡನೆಯ ಬಗೆ. ಇವು ಋಣಸಂದಾಯ. ನೆರೆಮನೆಯವನ ಮಗಳ ಓದಿಗೆಂದು ಸಾವಿರ ರೂಪಾಯಿ ಕೊಟ್ಟರೆ ಅದು ದಾನ. ಅದೇ ನೆರೆಯವನಿಂದ ಪಡೆದ ಸಾವಿರ ರೂಪಾಯಿ ಸಾಲವನ್ನು ಹಿಂದಿರುಗಿಸಿದರೆ ಅದು ಋಣಸಂದಾಯ. ಎರಡರಲ್ಲೂ ಕೈ ಬದಲಾಯಿಸುವ ಹಣ ಒಂದೇ. ಆದರೆ ಕೊಡುವವನ ತಲೆ ಮೊದಲನೆಯದರಲ್ಲಿ ಎತ್ತಿರುತ್ತದೆ, ಎರಡನೆಯದರಲ್ಲಿ ತುಸು ಬಾಗಿರುತ್ತದೆ.

ಇಂದು ನಮ್ಮ ನಾಡಿನಲ್ಲಿ ಕಾಡು, ಕೆರೆ, ಹುಲ್ಲುಗಾವಲು ಹಾಗೂ ಪಕ್ಷಿಧಾಮಗಳ ರಕ್ಷಣೆಗಾಗಿ ಕೂಲಿಯನ್ನು ಬಯಸದೆ ದುಡಿಯುವ ಅನೇಕರಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಡ್ಗಿಚ್ಚು ಹಬ್ಬಿ 4,000 ಹೆಕ್ಟೇರಿಗೂ ಹೆಚ್ಚು ಅರಣ್ಯ ಸುಟ್ಟಾಗ, ಅರಣ್ಯ ಸಿಬ್ಬಂದಿಯ ಜೊತೆಗೆ ನಿಂತು ಬೆಂಕಿ ಆರಿಸಲು ಸ್ವಯಂಸೇವಕರು ದೂರದೂರದ ಊರುಗಳಿಂದ ಧಾವಿಸಿ ಬಂದರು. ರಜಾದಿನಗಳಲ್ಲಿ ಕಾಡಂಚಿನ ಪ್ಲಾಸ್ಟಿಕ್ ಹೆಕ್ಕುವ, ಕಳೆ ಕೀಳುವ, ಹಕ್ಕಿಗಳನ್ನು ಎಣಿಸಿ ದಾಖಲಿಸುವ ತರುಣ ತರುಣಿಯರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಸೇವೆ ಯಾವ ಬಗೆಗೆ ಸೇರಿದ್ದು? ಬಿಡುವಿದ್ದವರು ಪ್ರಕೃತಿಗೆ ನೀಡುವ ದಾನವೇ? ಅಥವಾ ಎಲ್ಲರೂ ತೀರಿಸಬೇಕಾದ ಋಣವೇ? ಇದು ಬರಿಯ ಪದಗಳ ಚರ್ಚೆಯಲ್ಲ. ನಾವು ಕೊಡುವ ಉತ್ತರವನ್ನು ಅವಲಂಬಿಸಿ ಕೆಲಸದ ರೀತಿಯೂ ಬದಲಾಗುತ್ತದೆ.

ಒಂದು ಅಲಂಕಾರದ ಗಿಡ

ಕಾಡಿನ ಸ್ವಯಂಸೇವಕರ ಬೆವರನ್ನು ಬಹಳವಾಗಿ ಬೇಡುವ ಗಿಡವೊಂದಿದೆ. ಅದೇ ಲಾಂಟಾನ. ಕೆಂಪು, ಹಳದಿ, ನಸುಗೆಂಪು ಹೂಗೊಂಚಲುಗಳ ಈ ಮುಳ್ಳುಪೊದೆಯನ್ನು ಕಾಣದ ಕನ್ನಡಿಗರು ವಿರಳ. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕಾಗಿ ಭಾರತಕ್ಕೆ ತಂದರು. ತಂದವರಲ್ಲಿ ಕೆಡುಕಿನ ಉದ್ದೇಶವೇನೂ ಇರಲಿಲ್ಲ. ಆದರೆ ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆ ಚೆಲ್ಲಿದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿಗಳ ನೆಲೆಯಾದ ಅರಣ್ಯಗಳಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಲಾಂಟಾನ ಆಕ್ರಮಿಸಿದೆ. ಇಡೀ ಕರ್ನಾಟಕದ ವಿಸ್ತೀರ್ಣವೇ ಸುಮಾರು 1.92 ಲಕ್ಷ ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ.

ಲಾಂಟಾನ ದಟ್ಟವಾದಲ್ಲಿ ಹುಲ್ಲು ಬೆಳೆಯದು, ಎಳೆಯ ಸಸಿಗಳು ತಲೆಯೆತ್ತವು. ಜಿಂಕೆ, ಕಾಡೆಮ್ಮೆ, ಆನೆಗಳಿಗೆ ಮೇವು ಕುಗ್ಗುತ್ತದೆ. ಬೇಸಿಗೆಯಲ್ಲಿ ಅದರ ಒಣಗಿದ ಕಡ್ಡಿಗಳು ಬೆಂಕಿಗೆ ಸೌದೆಯಾಗುತ್ತವೆ. ಕಾಡಿನಲ್ಲಿ ಮೇವು ಕುಗ್ಗಿದಾಗ ಪ್ರಾಣಿಗಳು ಹೊಲಕ್ಕೆ ಇಳಿಯಲು ಅದೂ ಒಂದು ಕಾರಣವಾಗುತ್ತದೆ. ಆಗ ರಾಗಿಯನ್ನೋ ಜೋಳವನ್ನೋ ಕಳೆದುಕೊಂಡು ಕಣ್ಣೀರಿಡುವವನು ಕಾಡಂಚಿನ ಬಡ ರೈತ. ಯಾರದೋ ತೋಟದ ಅಂದಕ್ಕೆ, ಎರಡು ಶತಮಾನಗಳ ಬಳಿಕ, ಇನ್ನಾರೋ ಬೆಲೆ ತೆರುತ್ತಿದ್ದಾರೆ.

ಜಕ್ಕಾಯನ ಎರಡು ಮಾತುಗಳು

ಸಂತ ಲೂಕರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ಅವನು ಮರವೇರಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಯೇಸುಸ್ವಾಮಿಯ ಮುಂದೆ ಅವನು ಆಡಿದ ಮಾತಿನಲ್ಲಿ ಎರಡು ಭಾಗಗಳಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆನ್ನುವುದು ಒಂದು. ಮೋಸದಿಂದ ಕಸಿದುಕೊಂಡಿದ್ದರೆ ಅದರ ನಾಲ್ಕರಷ್ಟನ್ನು ಹಿಂದಿರುಗಿಸುವೆನೆನ್ನುವುದು ಇನ್ನೊಂದು. ಮೊದಲನೆಯದು ದಾನ, ಎರಡನೆಯದು ಋಣಸಂದಾಯ. ಜಕ್ಕಾಯ ಇವೆರಡನ್ನು ಕಲಸಿಬಿಡಲಿಲ್ಲ. ಬಡವರಿಗೆ ಕೊಟ್ಟೆನಾದ್ದರಿಂದ ಮೋಸಹೋದವರ ಲೆಕ್ಕ ಮುಗಿಯಿತು ಎನ್ನಲಿಲ್ಲ. ಧರ್ಮಸಭೆಯ ನೀತಿಬೋಧನೆಯೂ ಇದನ್ನೇ ಹೇಳುತ್ತಾ ಬಂದಿದೆ: ಕದ್ದವನು ಪಶ್ಚಾತ್ತಾಪಪಟ್ಟರಷ್ಟೇ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು.

ಕಾಡಿನ ವಿಷಯದಲ್ಲಿ ನಾವು ಜಕ್ಕಾಯನ ಎರಡನೆಯ ಮಾತಿಗೆ ಸೇರಿದವರು ಎಂಬುದು ನನ್ನ ನಂಬಿಕೆ. ಇದಕ್ಕೆ ಕೂಡಲೇ ಒಂದು ಆಕ್ಷೇಪ ಬರುತ್ತದೆ. ಲಾಂಟಾನ ತಂದವನು ನಾನಲ್ಲ, ಮರ ಕಡಿದವನು ನಾನಲ್ಲ, ನನ್ನ ತಲೆಗೇಕೆ ಈ ಸಾಲ? ಆಕ್ಷೇಪ ನ್ಯಾಯವಾದುದೇ. ಅಪರಾಧವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಆದರೆ ಸಾಲದ ರೀತಿ ಬೇರೆ. ತಂದೆಯ ಆಸ್ತಿಗೆ ಕೈಚಾಚಿದ ಮಗ ಆ ಆಸ್ತಿಯ ಮೇಲಿನ ಸಾಲವನ್ನೂ ಒಪ್ಪಿಕೊಳ್ಳಬೇಕೆಂದು ನಮ್ಮ ಹಳ್ಳಿಯ ಪಂಚಾಯಿತಿದಾರರೂ ತೀರ್ಪು ಕೊಡುತ್ತಾರೆ. ಆಸ್ತಿ ಬೇಕು, ಸಾಲ ಬೇಡವೆಂದರೆ ಒಪ್ಪುವವರಾರು? 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೂ ಕಾಡೂ ಮುಳುಗಿದವು. ಅಲ್ಲಿ ಹುಟ್ಟಿದ ವಿದ್ಯುತ್ತಿನ ಬೆಳಕಿನಲ್ಲಿ ನಾಡಿನ ಎಷ್ಟೋ ಮನೆಗಳ ಮಕ್ಕಳು ಓದಿ ಬೆಳೆದಿದ್ದಾರೆ. ನಮ್ಮ ಬಾಗಿಲು ಕಿಟಕಿಗಳ ಮರ, ನಮ್ಮ ರಸ್ತೆ, ನಮ್ಮ ಕೊಳಾಯಿಗೆ ಬರುವ ಕಾವೇರಿ ಅಥವಾ ಕಬಿನಿಯ ನೀರು, ಎಲ್ಲದರ ಹಿಂದೆ ಕಾಡು ಇದೆ. ಲಾಭದಲ್ಲಿ ಪಾಲು ಪಡೆದ ನಾವು ನಷ್ಟದ ಲೆಕ್ಕ ಬಂದಾಗ ಪರಕೀಯರಾಗಲಾರೆವು.

ಹಸಿದವರಿರುವಾಗ ಗಿಡಮರಗಳೇಕೆ?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಅನ್ನವಿಲ್ಲದವರು, ಔಷಧಿಯಿಲ್ಲದವರು ನಮ್ಮ ನಡುವೆಯೇ ಇರುವಾಗ, ಕ್ರೈಸ್ತರು ತಮ್ಮ ಬಿಡುವಿನ ವೇಳೆಯನ್ನು ಕಾಡಿಗೆ ಕೊಡುವುದು ಸರಿಯೇ? ಸೇವೆಯ ಮನೋಭಾವವುಳ್ಳ ಹಿರಿಯರೇ ಈ ಪ್ರಶ್ನೆಯನ್ನು ಕೇಳುತ್ತಾರೆ.

ಇದಕ್ಕೆ ಪವಿತ್ರ ಬೈಬಲಿನ ಮೊದಲ ಪುಟಗಳೇ ಬೆಳಕು ನೀಡುತ್ತವೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿ ಎರಡು ಕೆಲಸಗಳನ್ನು ಒಪ್ಪಿಸುತ್ತಾರೆ. ಹೀಬ್ರೂ ಮೂಲದಲ್ಲಿ ಮೊದಲನೆಯದು 'ಆಬದ್', ಎಂದರೆ ದುಡಿಯುವುದು, ಸೇವೆ ಮಾಡುವುದು. ದೇವರ ಆರಾಧನೆಗೂ ಬೈಬಲು ಇದೇ ಪದವನ್ನು ಬಳಸುತ್ತದೆ. ಎರಡನೆಯದು 'ಶಾಮರ್', ಎಂದರೆ ಕಾಯುವುದು. ಮುಂದೆ ನಾಲ್ಕನೆಯ ಅಧ್ಯಾಯದಲ್ಲಿ, ತಮ್ಮನನ್ನು ಕೊಂದ ಕಾಯಿನನು ತಾನೇನು ತಮ್ಮನ ಕಾವಲುಗಾರನೇ ಎಂದು ದೇವರಿಗೇ ಮರುಪ್ರಶ್ನೆ ಹಾಕುತ್ತಾನಲ್ಲವೇ? ಅಲ್ಲಿ ಬರುವುದೂ ಇದೇ 'ಶಾಮರ್' ಧಾತುವಿನ ಪದ. ತೋಟವನ್ನು ಕಾಯುವುದಕ್ಕೂ ಸಹೋದರನನ್ನು ಕಾಯುವುದಕ್ಕೂ ಒಂದೇ ಪದ. ಕಾವಲಿನ ಹೊಣೆಯನ್ನು ಕಾಯಿನನು ಕಳಚಿಕೊಂಡಾಗ ಸಹೋದರನ ರಕ್ತ ಬಿದ್ದದ್ದು ಮಣ್ಣಿನ ಮೇಲೆಯೇ, ಕೂಗಿಕೊಂಡದ್ದೂ ಆ ಮಣ್ಣಿನಿಂದಲೇ.

ಆದ್ದರಿಂದ ಬಡವನೋ ಕಾಡೋ ಎಂಬ ಪ್ರಶ್ನೆಯಲ್ಲೇ ದೋಷವಿದೆ. ಕಾಡು ಕೆಟ್ಟಾಗ ಮೊದಲು ಕೆಡುವುದು ಕಾಡಂಚಿನ ಬಡವನ ಬದುಕು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಜೊತೆಯಾಗಿ ಕೇಳಬೇಕೆಂದು ಬೋಧಿಸಿದರು. ಮರುವರ್ಷ ಸೆಪ್ಟೆಂಬರ್ 1ರಂದು, ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿಯುವ ಏಳು ಶಾರೀರಿಕ ಮತ್ತು ಏಳು ಆಧ್ಯಾತ್ಮಿಕ ಕರುಣೆಯ ಕಾರ್ಯಗಳ ಜೊತೆಗೆ ಸೃಷ್ಟಿಯ ಪಾಲನೆಯನ್ನೂ ಸೇರಿಸುವಂತೆ ಸೂಚಿಸಿದರು.

ಸಾಲಗಾರನ ನಡತೆ

ಈ ಸೇವೆ ಋಣಸಂದಾಯವೆಂದು ಒಪ್ಪಿದರೆ ನಮ್ಮ ನಡತೆಯಲ್ಲಿ ಮೂರು ಗುಣಗಳು ಬರಬೇಕು.

ಮೊದಲನೆಯದು, ಕೇಳಿ ತಿಳಿಯುವ ವಿನಯ. ದಾನಿ ತನಗೆ ತೋಚಿದ್ದನ್ನು ಕೊಡಬಹುದು. ಸಾಲಗಾರನು ಪಡೆದದ್ದನ್ನೇ ಕೊಡಬೇಕು. ಸಸಿ ನೆಡುವುದೆಲ್ಲವೂ ಪುಣ್ಯವೆಂದು ನಾವು ಭಾವಿಸಿದ್ದೇವೆ. ಆದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿ. ಕೃಷ್ಣಮೃಗವು ಹುಲ್ಲುಬಯಲಿನಲ್ಲಿ ಮೇಯುವ, ಬಯಲಿನಲ್ಲೇ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಅಂಥ ನೆಲದ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ಬೆಳೆಸಲಾಯಿತು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಮರ ನೆಟ್ಟರೆ ಅದು ಉಪಕಾರವಾಗದು. ಲಾಂಟಾನ ಕೀಳುವುದರಲ್ಲೂ ಹೀಗೆಯೇ. ಮೇಲಿನಿಂದ ಸವರಿದರೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತವೆ. ಬುಡಸಮೇತ ಅಗೆದು ಮಣ್ಣು ಕೆದಕಿದರೆ ಅಡಗಿದ್ದ ಬೀಜಗಳು ಮೊಳೆಯುತ್ತವೆ. ನೆಲಮಟ್ಟದಿಂದ ತುಸು ಕೆಳಗೆ, ಚಿಗುರೊಡೆಯುವ ಭಾಗದ ಅಡಿಯಲ್ಲಿ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡುವ ಪದ್ಧತಿಯನ್ನು ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದರು.

ಕಲಿಯಬೇಕಾದುದು ವಿಜ್ಞಾನಿಗಳಿಂದ ಮಾತ್ರವಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣಗೆ ಬೆಂಕಿಯಿಡುತ್ತಿದ್ದರು. ಅದನ್ನು ಅವರು 'ತರಗು ಬೆಂಕಿ' ಎನ್ನುತ್ತಾರೆ. 1970ರ ದಶಕದಲ್ಲಿ ಕಾನೂನು ಬಿಗಿಯಾಗಿ ಅದು ನಿಂತ ಮೇಲೆ ಲಾಂಟಾನ ಹೆಚ್ಚಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರು ಆ ಮಾತನ್ನು ಗೌರವದಿಂದ ದಾಖಲಿಸಿದ್ದಾರೆ. ಬೆಂಕಿಯಿಡುವುದು ನಮ್ಮ ಕೆಲಸವಲ್ಲ, ಅದು ಅಪರಾಧವೂ ಹೌದು. ಆದರೆ ಕಾಡಿನಲ್ಲೇ ಹುಟ್ಟಿ ಬೆಳೆದವರ ಅರಿವನ್ನು ಬದಿಗೊತ್ತಿ ಕಾಡನ್ನು ಕಾಯಹೊರಟದ್ದು ನಮ್ಮ ಋಣವನ್ನು ಇನ್ನಷ್ಟು ಬೆಳೆಸಿತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತದ್ದು ಆ ಋಣದ ಒಂದು ಕಂತು ಎನ್ನಬಹುದು. ಕಳೆ ಕೀಳುವ ಕೆಲಸ ಎಷ್ಟೋ ಕಡೆ ಸ್ಥಳೀಯರಿಗೆ ಕೂಲಿಯೂ ಆಗಿದೆ. ಬಿಟ್ಟಿ ಕೆಲಸಕ್ಕೆಂದು ಹೋದವರು ಅವರ ಕೂಲಿಯನ್ನು ಕಸಿಯದಂತೆಯೂ ಎಚ್ಚರ ಬೇಕು.

ಎರಡನೆಯ ಗುಣ, ಮರಳಿ ಬರುವ ನಿಷ್ಠೆ. ದಾನ ಒಮ್ಮೆ ಕೊಟ್ಟರೆ ಮುಗಿಯಿತು. ಸಾಲಕ್ಕೆ ಕಂತುಗಳಿರುತ್ತವೆ. ಒಮ್ಮೆ ಲಾಂಟಾನ ತೆಗೆದ ಜಾಗದಲ್ಲಿ ಹಕ್ಕಿಗಳು ಮತ್ತೆ ಬೀಜ ಉದುರಿಸುತ್ತವೆ. ಹುಲ್ಲು ಬೇರೂರುವವರೆಗೆ, ಮಳೆಗಾಲ ಕಳೆದಂತೆಲ್ಲ, ಮೊಳಕೆಗಳನ್ನು ಕೀಳುತ್ತಲೇ ಇರಬೇಕು. ಇದು ಹಲವು ವರ್ಷಗಳ ಕೆಲಸ. ಜೂನ್ 5ರಂದು ಪರಿಸರ ದಿನವೆಂದು ಸಸಿ ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಬಂದವರು, ಆಗಸ್ಟಿನಲ್ಲಿ ಅದೇ ಸಸಿಯ ಸುತ್ತ ಕಳೆ ಕೀಳಲು ಹೋಗುವುದು ಅಪರೂಪ. ಆ ಎರಡನೆಯ, ಐದನೆಯ, ಹತ್ತನೆಯ ಭೇಟಿಯಲ್ಲೇ ಸೇವೆಯ ಸತ್ವ ಇದೆ.

ಮೂರನೆಯದು, ಹೆಸರಿನ ಹಂಬಲವಿಲ್ಲದಿರುವುದು. ಸಾಲ ತೀರಿಸಿದ್ದಕ್ಕೆ ಯಾರೂ ಹಾರ ಹಾಕಿಸಿಕೊಳ್ಳುವುದಿಲ್ಲ. ಚೇತರಿಸಿಕೊಂಡ ಕಾಡಿನಲ್ಲಿ ಚೇತರಿಸಿದವರ ಗುರುತು ಉಳಿಯುವುದೂ ಇಲ್ಲ. ಹುಲ್ಲು ಬೆಳೆದಿರುತ್ತದೆ, ಜಿಂಕೆ ಮೇಯುತ್ತಿರುತ್ತದೆ, ಅಷ್ಟೇ.

ಸೇವೆಯೆಂದು ಕರೆಯದ ಸೇವೆ

ಈ ಮೂರೂ ಗುಣಗಳನ್ನು ಒಂದೆಡೆ ಕಾಣಬೇಕಾದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಪ್ರತಿ ವರ್ಷ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಅಲ್ಲಿಗೆ ಬಂದು ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವುಗಳನ್ನು ಕಾಣುತ್ತಾರೆ. ಹಕ್ಕಿಗಳು ಕೂತ ಮರದಿಂದ ಹುಣಸೆಹಣ್ಣಿನ ಆದಾಯ ಕೈಬಿಟ್ಟರೂ ಮರ ಕಡಿಯಲಿಲ್ಲ. ಹಿಕ್ಕೆಯ ವಾಸನೆಯನ್ನು ಸಹಿಸಿದರು, ಅದನ್ನೇ ಹೊಲಕ್ಕೆ ಗೊಬ್ಬರವಾಗಿಸಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸವನ್ನು ಊರಿನ ತರುಣರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು ಮಾಡುತ್ತಾ ಬಂದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಘೋಷಣೆಗೆ ಎಷ್ಟೋ ತಲೆಮಾರು ಮೊದಲೇ ಆ ಊರು ತನ್ನ ಕರ್ತವ್ಯವನ್ನು ಅರಿತಿತ್ತು.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಏನು ಮಾಡಬಹುದು? ದೂರದ ಹುಲಿಕಾಡಿನಿಂದಲೇ ಆರಂಭಿಸಬೇಕೆಂದಿಲ್ಲ. ಊರಿನ ಕೆರೆ, ಗುಡ್ಡ, ಗೋಮಾಳ, ನಮ್ಮದೇ ದೇವಾಲಯದ ಸಮಾಧಿ ಭೂಮಿಯ ಅಂಚು, ಇವುಗಳಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಬಹುದು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಕಾಲಿಡಬೇಕು. ಬಲ್ಲವರನ್ನು ಕರೆದು, ಅಲ್ಲಿ ಮೊದಲು ಏನಿತ್ತು, ಈಗ ಏನಿಲ್ಲ ಎಂದು ಕೇಳಬೇಕು. ಅನ್ಬಿಯ ಕುಟುಂಬಗಳು ಸರದಿಯಂತೆ ತಿಂಗಳಿಗೊಂದು ಬೆಳಿಗ್ಗೆಯನ್ನು ಆ ಜಾಗಕ್ಕೆ ಕೊಡಬಹುದು. ಮಕ್ಕಳನ್ನೂ ಕರೆದೊಯ್ಯಬೇಕು. ಈ ಕೆಲಸದ ಫಲವನ್ನು ಕಾಣುವವರು ಅವರೇ. ತಪಸ್ಸುಕಾಲದಲ್ಲಿ ಊಟ ಬಿಡುವುದರ ಜೊತೆಗೆ ಇದನ್ನೂ ಪ್ರಾಯಶ್ಚಿತ್ತದ ಕಾರ್ಯವೆಂದು ಕೈಗೊಂಡರೆ, ಪ್ರಾಯಶ್ಚಿತ್ತ ಎಂಬ ಪದಕ್ಕೆ ಅದರ ಹಳೆಯ ಅರ್ಥ, ಅಂದರೆ ಕೆಡಿಸಿದ್ದನ್ನು ಸರಿಪಡಿಸುವುದು, ಮರಳಿ ಬಂದೀತು.

ಈ ಸಾಲ ನಮ್ಮ ಜೀವಿತಕಾಲದಲ್ಲಿ ತೀರುವಂಥದ್ದಲ್ಲ. ಹಾಗೆಂದು ಎದೆಗುಂದಬೇಕಾಗಿಲ್ಲ. ಪೂರ್ತಿ ತೀರಿಸಲಾಗದ ಸಾಲವನ್ನೂ ಪ್ರಾಮಾಣಿಕನು ಕಂತು ಕಂತಾಗಿ ಕಟ್ಟುತ್ತಾನೆ, ತನ್ನ ಮಕ್ಕಳಿಗೆ ಅದರ ಲೆಕ್ಕ ತೋರಿಸುತ್ತಾನೆ. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ನುಡಿದಾಗ ಇನ್ನೂ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಆದರೂ ಆ ಮನೆಗೆ ಅಂದೇ ಉದ್ಧಾರ ಬಂದಿತೆಂದು ಪ್ರಭು ಹೇಳಿದರು. ತೀರಿಸಬೇಕೆಂಬ ಮನಸ್ಸು ನಮ್ಮ ಮನೆಗಳಲ್ಲೂ ಹುಟ್ಟಲಿ.