ಸಣ್ಣ ಗುಂಡಿನ ದೊಡ್ಡ ಹೊಣೆ

ಸೈನಿಕರಿಗೂ ಪೊಲೀಸರಿಗೂ ಪಿಸ್ತೂಲು ಮಾಡಿ ಹೆಸರಾದ ಆಸ್ಟ್ರಿಯಾದ ಗ್ಲಾಕ್ ಸಂಸ್ಥೆ 2019ರ ಡಿಸೆಂಬರಿನಲ್ಲಿ, ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ .22 ಕಾಡತೂಸಿನ ‘ಗ್ಲಾಕ್ 44’ ಪಿಸ್ತೂಲನ್ನು ಪ್ರಕಟಿಸಿತು. ಕದನದ ಆಯುಧ ಮಾಡುವವರಿಗೆ ಈ ಪುಟ್ಟ ಗುಂಡಿನ ಗೊಡವೆ ಏಕೆ?

ಕಲಿಯುವವರ ಕಡೆಯಿಂದ ನೋಡಿದರೆ ಉತ್ತರ ಸುಲಭ. ಕಾಡತೂಸು ಅಗ್ಗ, ಒದೆತ ಕಡಿಮೆ. ಕೈ ಬೆದರದೆ ಪಳಗುತ್ತದೆ. ನಮ್ಮ ಸೇನೆಯ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದೂ .22 ಪಿಸ್ತೂಲಿನ ಸ್ಪರ್ಧೆಯಲ್ಲೇ.

ಆದರೆ 1968ರಲ್ಲಿ ಅಮೆರಿಕದ ರಾಬರ್ಟ್ ಕೆನೆಡಿಯವರ ಪ್ರಾಣ ತೆಗೆದದ್ದೂ .22 ಗುಂಡೇ. ಗುಂಡು ಸಣ್ಣದೆಂದು ನಮ್ಮ 1959ರ ಆಯುಧ ಕಾಯಿದೆಯು ಇಂಥ ಪಿಸ್ತೂಲಿಗೆ ಪರವಾನಗಿ ಬೇಡವೆನ್ನುವುದಿಲ್ಲ. ಹಾವು ಸಣ್ಣದಾದರೂ ಕೋಲು ದೊಡ್ಡದಿರಲಿ ಎಂದ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಆದ್ದರಿಂದ, ಅಂಥ ಪಿಸ್ತೂಲನ್ನು ಮಾಡಲಿ, ಆಟಿಕೆಯೆಂದು ಮಾರದಿರಲಿ ಎನ್ನುತ್ತೇವೆ. ಕೈಯ ಹೆದರಿಕೆ ಹೋಗುವುದು ಒಳ್ಳೆಯದೇ. ಮನಸ್ಸಿನ ಅಳುಕು ಹೋಗಬಾರದು. ಆ ಅಳುಕನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು. ಚೆನ್ನೈಯ ರೈಫಲ್ ಕ್ಲಬ್ಬಿಗೆ ಮಕ್ಕಳನ್ನು ಕಳುಹಿಸುವ ನಾವು ಅದನ್ನು ಮನೆಯಲ್ಲೇ ಕಲಿಸಿ ಕಳುಹಿಸಬೇಕು.