ಭಾರವಿಳಿದ ಮೇಲೆ ಉಳಿಯುವ ಸೇವೆ

ಧ್ಯಾನಭಾಗ: ಅರಣ್ಯಕಾಂಡ 8:23-26



ಲೇವಿಯರಿಗೆ ಐವತ್ತು ವರುಷ ತುಂಬಿದಾಗ ಅವರು ದೇವದರ್ಶನದ ಗುಡಾರದ ಭಾರವಾದ ಕೆಲಸವನ್ನು ಬಿಡತಕ್ಕದ್ದೆಂದು ದೇವರು ಮೋಶೆಗೆ ಅಪ್ಪಣೆಕೊಟ್ಟನು. ಆದರೆ ಅವರನ್ನು ಬರಿಗೈಯಲ್ಲಿ ಕೂರಿಸಲಿಲ್ಲ. ಸಹೋದರರ ಬಳಿಯಲ್ಲಿ ನಿಂತು ಸಹಾಯಮಾಡುವ ಪಾಲು ಅವರಿಗೆ ಉಳಿಯಿತು. ಹೀಗಿರಲು, ಉದ್ಯೋಗದಿಂದ ನಿವೃತ್ತನಾದವನು ಯಾವದಕ್ಕೂ ಬಾರದವನೆಂದು ನಾವು ಎಣಿಸುವದು ದೇವರ ಎಣಿಕೆಯಲ್ಲ.

ಈ ಪಾಲನ್ನು ಸಮುದ್ರದ ಆಚೆ ಹುಡುಕಿಕೊಂಡು ಹೋದವರುಂಟು. 1978ರಲ್ಲಿ ಸ್ಥಾಪಿತವಾದ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯು ಹಡಗುಗಳನ್ನೇ ಆಸ್ಪತ್ರೆಗಳನ್ನಾಗಿ ಮಾಡಿ, ಆಫ್ರಿಕ ಖಂಡದ ಬಡವರಿಗೆ ಹಣ ತೆಗೆದುಕೊಳ್ಳದೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಡೆನ್ಮಾರ್ಕಿನಲ್ಲಿ ರೈಲುಬಂಡಿಗಳನ್ನು ದಾಟಿಸುತ್ತಿದ್ದ ಹಳೆಯ ಹಡಗೊಂದು 2007ರಲ್ಲಿ ಆಫ್ರಿಕ ಮರ್ಸಿ ಎಂಬ ಹೆಸರಿನಿಂದ ಈ ಸೇವೆಗೆ ಇಳಿಯಿತು. ಅಂಥ ಹಡಗುಗಳಲ್ಲಿ ವೈದ್ಯರು, ದಾದಿಯರು ಮಾತ್ರವಲ್ಲದೆ ಯಂತ್ರ ದುರಸ್ತಿಯವರೂ, ವಿದ್ಯುತ್ ಕೆಲಸದವರೂ, ಅಡಿಗೆಯವರೂ ಸಂಬಳವಿಲ್ಲದೆ ದುಡಿಯುತ್ತಾರೆ.  ಅವರಲ್ಲಿ ಉದ್ಯೋಗ ಮುಗಿಸಿದ ಹಿರಿಯರೂ ಇದ್ದಾರೆ.

ವೈದ್ಯರಿರುವಾಗ ಯಂತ್ರ ದುರಸ್ತಿಯವನು ಯಾಕೆ ಎಂದು ಕೇಳುವಿರೋ? ಬಡದೇಶಗಳ ಆಸ್ಪತ್ರೆಗಳ ಒಂದು ಲಕ್ಷಕ್ಕೂ ಮಿಕ್ಕ ಉಪಕರಣಗಳ ಲೆಕ್ಕವು 2011ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ ಸುಮಾರು 40 ಕೆಟ್ಟು ನಿಂತಿದ್ದವು. ಆಮ್ಲಜನಕ ಕೊಡುವ ಯಂತ್ರವನ್ನೇ ನೋಡಿರಿ. ಅದು ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಸಾರಜನಕವನ್ನು ಬೇರ್ಪಡಿಸುತ್ತದೆ. ಗಾಳಿ ಸೋಸುವ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಯಂತ್ರವು ಕಾದು ಕೆಡುತ್ತದೆ. ಫಿಲ್ಟರನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸುವದು ಸಣ್ಣ ಕೆಲಸ. ಆದರೆ ಅದನ್ನು ಕಲಿಸುವವರಿಲ್ಲದ ಕಡೆ, ಯಂತ್ರವು ಪಕ್ಕದಲ್ಲಿರುವಾಗಲೇ ಕೂಸಿನ ಉಸಿರು ನಿಲ್ಲಬಹುದು.

ನಮ್ಮ ಶಿರವಾಳದ ಪುರಾತನ ಕಲ್ಲುಕಟ್ಟಡಗಳನ್ನು ಕೆತ್ತಿದವರು ಹೋಗಿ ಶತಮಾನಗಳು ಕಳೆದರೂ ಕಲ್ಲು ನಿಂತಿದೆ. ಯಂತ್ರವು ಹಾಗಲ್ಲ, ಅದಕ್ಕೆ ದಿನವೂ ಬಲ್ಲವನ ಕೈ ಬೇಕು. ಪರದೇಶದಿಂದ ಬಂದವನು ಒಂದು ದಿನ ಹಿಂದಿರುಗುವನು. ಅವನು ಸರಿಮಾಡಿದ ಯಂತ್ರವು ಮತ್ತೆ ಕೆಡುವದು. ಅವನು ಕಲಿಸಿದ ಕೈ ಮಾತ್ರ ಉಳಿಯುವದು. ಬೆಚಲೇಲನಿಗೆ ದೇವರು ಕೈಚಳಕವನ್ನಷ್ಟೇ ಅಲ್ಲ, ಇತರರಿಗೆ ಕಲಿಸುವ ವರವನ್ನೂ ಕೊಟ್ಟನೆಂದು ವಿಮೋಚನಕಾಂಡದ 35ನೆಯ ಅಧ್ಯಾಯದಿಂದ ತಿಳಿಯುತ್ತೇವೆ.

ಆದದರಿಂದ ರೈಲ್ವೆಯಲ್ಲಾಗಲಿ, ವಿದ್ಯುತ್ ಇಲಾಖೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ದುಡಿದು ಊರಿಗೆ ಮರಳಿದ ಹಿರಿಯರೇ, ನಾವೆಲ್ಲರೂ ಹಡಗು ಹತ್ತಲಾರೆವು. ಆದರೆ ಒಬ್ಬ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬಲ್ಲೆವು. ಕಸುಬಿನ ಗುಟ್ಟನ್ನು ಬಚ್ಚಿಟ್ಟು ಸಾಯುವವನು ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿಗೆ ಸಮಾನನು. ಯೌವನಸ್ಥರೇ, ಎಣ್ಣೆ ಮೆತ್ತಿದ ಕೈಯನ್ನು ಹೀನವೆಂದು ಎಣಿಸಬೇಡಿರಿ. ಒಂದು ಜೀವ ಉಳಿಯುವದು ಆ ಕೈಯಿಂದಲೂ ಆಗಬಹುದು.

ನಮ್ಮ ಭಾರ ಇಳಿಯುವ ದಿನದಲ್ಲಿಯೂ ನಮ್ಮ ಪಾಲು ಇಳಿಯದಂತೆ ಕರ್ತನು ನಮ್ಮನ್ನು ಕಾಯಲಿ. ಆಮೆನ್.